ಸಹಿಷ್ಣುತೆ: ಗಾಂಧೀಜಿಗೆ ಹಿಡಿಸದ ಒಂದು ಪದ

1930ರಲ್ಲಿ ಗಾಂಧೀಜಿ ಪುಣೆಯ ಯರವಡಾ ಜೈಲಿನಲ್ಲಿದ್ದರು. ಉಪ್ಪಿನ ಸತ್ಯಾಗ್ರಹದ ಕಾರಣಕ್ಕೆ ಸೆರೆಯಾಗಿದ್ದ ಅವರು ಪ್ರತಿ ಮಂಗಳವಾರ ಬೆಳಿಗ್ಗೆ ಸಾಬರಮತಿ ಆಶ್ರಮದವರಿಗೆ ಒಂದು ಪತ್ರ ಬರೆಯುತ್ತಿದ್ದರು. ಆಶ್ರಮವಾಸಿಗಳು ಪಾಲಿಸಬೇಕಾದ ವ್ರತಗಳನ್ನು ಒಂದೊಂದಾಗಿ ವಿವರಿಸುವುದು ಆ ಪತ್ರಗಳ ಉದ್ದೇಶ. ಸತ್ಯ, ಅಹಿಂಸೆ, ಅಸ್ತೇಯ, ಅಪರಿಗ್ರಹ ಎಂದು ಸಾಗಿದ ಲೇಖನಿ ಅನ್ಯಧರ್ಮಗಳ ಕುರಿತ ವ್ರತದ ಹತ್ತಿರ ಬಂದಾಗ ಒಂದು ಕ್ಷಣ ತಡೆಯಿತು. ತಡೆದದ್ದು ವ್ರತದ ವಿಷಯದಲ್ಲಲ್ಲ, ಅದರ ಹೆಸರಿನ ವಿಷಯದಲ್ಲಿ.

ಆಶ್ರಮದಲ್ಲಿ ಅದುವರೆಗೆ ಆ ವ್ರತಕ್ಕಿದ್ದ ಹೆಸರು ‘ಸಹಿಷ್ಣುತೆ’. ಇದು ಇಂಗ್ಲಿಷಿನ ‘ಟಾಲರೆನ್ಸ್’ ಪದದ ಅನುವಾದವೆಂದೂ, ತಮಗೆ ಹಿಡಿಸಿರಲಿಲ್ಲವೆಂದೂ, ಆದರೆ ಅದಕ್ಕಿಂತ ಒಳ್ಳೆಯ ಪದ ಹೊಳೆದಿರಲಿಲ್ಲವೆಂದೂ ಗಾಂಧೀಜಿ ಬರೆದರು. ಕಾಕಾ ಕಾಲೇಲ್ಕರರಿಗೂ ಆ ಪದ ರುಚಿಸಿರಲಿಲ್ಲ. ‘ಸರ್ವಧರ್ಮ ಆದರ’ ಎಂದರೆ ಹೇಗೆ ಎಂದು ಅವರು ಸೂಚಿಸಿದರು. ಗಾಂಧೀಜಿಗೆ ಅದೂ ಒಪ್ಪಿಗೆಯಾಗಲಿಲ್ಲ. ಸಹಿಷ್ಣುತೆ ಎಂದಾಗ ಬೇರೆಯವರ ಧರ್ಮ ನಮ್ಮದಕ್ಕಿಂತ ಕೀಳು ಎಂಬ ಭಾವನೆ ಒಳಗೆ ನುಸುಳುತ್ತದೆ. ಆದರ ಎಂದಾಗ ಮೇಲಿನಿಂದ ಕೃಪೆ ತೋರಿದಂತೆ ಆಗುತ್ತದೆ ಎಂಬುದು ಅವರ ಆಕ್ಷೇಪ. ಕೊನೆಗೆ ಅವರು ಆರಿಸಿಕೊಂಡದ್ದು ಸರ್ವಧರ್ಮ ಸಮಭಾವವನ್ನು.

ಮತೀಯ ಸೌಹಾರ್ದಕ್ಕಾಗಿಯೇ ಪ್ರಾಣ ಕೊಟ್ಟ ಮನುಷ್ಯನಿಗೆ ಸಹಿಷ್ಣುತೆ ಎಂಬ ಪದ ಏಕೆ ಹಿಡಿಸಲಿಲ್ಲ? ಇದು ಬರೀ ಪದಗಳ ಜಗಳವಲ್ಲ. ಈ ಪದದ ಹಿಂದೆ ಸುಮಾರು ಐನೂರು ವರ್ಷಗಳ ರಕ್ತಸಿಕ್ತ ಇತಿಹಾಸವಿದೆ. ಅದನ್ನು ತಿಳಿದರೆ ಮಾತ್ರ ಗಾಂಧೀಜಿಯ ಆಕ್ಷೇಪ ಅರ್ಥವಾಗುತ್ತದೆ.

ನೋವು ತಾಳುವ ಗುಣ

ಮೊದಲು ಪದದ ಬೇರನ್ನು ನೋಡೋಣ. ಇಂಗ್ಲಿಷಿನ ‘ಟಾಲರೇಶನ್’, ‘ಟಾಲರೆನ್ಸ್’ ಎರಡೂ ಲ್ಯಾಟಿನ್ನಿನ ‘ಟಾಲರಾರೆ’ ಎಂಬ ಕ್ರಿಯಾಪದದಿಂದ ಬಂದವು. ಅದರ ಅರ್ಥ ಹೊರು, ತಾಳು ಎಂದು. ರೋಮಿನ ವಾಗ್ಮಿ ಸಿಸೆರೊನ ಬರಹದಲ್ಲಿ ಈ ಗುಣಕ್ಕೂ ಅನ್ಯಮತಕ್ಕೂ ಸಂಬಂಧವಿಲ್ಲ. ಬದುಕಿನ ಕಷ್ಟಗಳನ್ನು ಎದೆಗುಂದದೆ ತಾಳಿಕೊಳ್ಳುವ ಗಟ್ಟಿತನವೇ ಅಲ್ಲಿ ‘ಟಾಲರಾಂಶಿಯ’. ಮಧ್ಯಯುಗದ ಕ್ರೈಸ್ತ ಪಂಡಿತರ ಕೈಯಲ್ಲಿ ಅದು ಬೇರೊಂದು ಬಣ್ಣ ಪಡೆಯಿತು. ದೊಡ್ಡ ಕೆಡುಕನ್ನು ತಪ್ಪಿಸಲು ಸಣ್ಣ ಕೆಡುಕನ್ನು ಆಳುವವರು ಸಹಿಸಬಹುದು ಎಂದು 13ನೇ ಶತಮಾನದ ಥಾಮಸ್ ಅಕ್ವೈನಸ್ ವಾದಿಸಿದ. ಅವನು ಕೊಟ್ಟ ಉದಾಹರಣೆಗಳಲ್ಲಿ ಯಹೂದಿಗಳ ಪೂಜಾವಿಧಿಯೂ ಒಂದು. ಅಂದರೆ ಸಹಿಸಬೇಕಾದದ್ದು ತಪ್ಪೇ. ಆದರೆ ಅದನ್ನು ಕಿತ್ತರೆ ಇನ್ನೂ ಹೆಚ್ಚು ಹಾನಿಯಾದೀತು, ಆದ್ದರಿಂದ ಇರಲಿ ಎಂಬ ಲೆಕ್ಕಾಚಾರ.

ನಮ್ಮ ‘ಸಹನೆ’, ‘ಸಹಿಷ್ಣುತೆ’ಗಳು ಸಂಸ್ಕೃತದ ‘ಸಹ್’ ಧಾತುವಿನಿಂದ ಹುಟ್ಟಿದವು. ವೇದದ ಭಾಷೆಯಲ್ಲಿ ಈ ಧಾತುವಿಗೆ ಗೆಲ್ಲು, ಮೇಲುಗೈ ಸಾಧಿಸು ಎಂಬ ಅರ್ಥವೂ ಇದೆ. ‘ಸಹಸ್’ ಎಂದರೆ ಬಲ, ಅದರಿಂದಲೇ ‘ಸಾಹಸ’. ಹೀಗೆ ಸಹನೆ ಮತ್ತು ಸಾಹಸ ಒಂದೇ ತಾಯಿಯ ಮಕ್ಕಳು. ‘ಸಹಿಷ್ಣು’ ಎಂಬ ರೂಪಕ್ಕೆ ಪಾಣಿನಿಯೇ ಸೂತ್ರದಲ್ಲಿ ಜಾಗ ಕೊಟ್ಟಿದ್ದಾನೆ. ಅಲ್ಲಿನ ಪ್ರತ್ಯಯ ಸ್ವಭಾವವನ್ನು ಸೂಚಿಸುತ್ತದೆ. ಎಂದೋ ಒಮ್ಮೆ ಹಲ್ಲುಕಚ್ಚಿ ಸಹಿಸಿದವನು ಸಹಿಷ್ಣುವಲ್ಲ. ಸಹಿಸುವುದೇ ಯಾರ ಸ್ವಭಾವವೋ ಅವನು ಸಹಿಷ್ಣು.

ಅಚ್ಚಗನ್ನಡದಲ್ಲಿ ‘ತಾಳ್ಮೆ’ ಇದೆ. ತಾಳಿದವನು ಬಾಳಿಯಾನು ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ಆಡುಮಾತಿನಲ್ಲಿ ನಾವು ಏನನ್ನು ಸಹಿಸಿಕೊಳ್ಳುತ್ತೇವೆ ಎಂಬುದನ್ನು ಸ್ವಲ್ಪ ಯೋಚಿಸಿ. ಬಿಸಿಲನ್ನು, ಹಲ್ಲುನೋವನ್ನು, ಸಾಲಗಾರನ ಮಾತನ್ನು. ಹಬ್ಬದೂಟವನ್ನು ಯಾರೂ ಸಹಿಸಿಕೊಳ್ಳುವುದಿಲ್ಲ. ಇಷ್ಟವಿಲ್ಲದ್ದನ್ನು ಮಾತ್ರ ಸಹಿಸಬೇಕಾಗುತ್ತದೆ. ಬೆಂಗಳೂರಿನ ಪೀಣ್ಯದ ಲೇತ್ ಕಾರ್ಮಿಕರ ಬಾಯಲ್ಲಿ ‘ಟಾಲರೆನ್ಸ್’ಗೆ ಇನ್ನೊಂದು ಅರ್ಥವಿದೆ. ನಕ್ಷೆಯಲ್ಲಿ ಬರೆದ ಅಳತೆಗಿಂತ ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೆ ನಡೆಯುತ್ತದೆ. ಅದನ್ನು ಮೀರಿದರೆ ಆ ಬಿಡಿಭಾಗ ಗುಜರಿಗೆ ಹೋಗುತ್ತದೆ. ಈ ಎರಡು ಅರ್ಥಗಳನ್ನು ಕೂಡಿಸಿದರೆ ಪದದ ತಿರುಳು ಸಿಗುತ್ತದೆ. ಸಹಿಷ್ಣುತೆ ಎಂದರೆ ಒಪ್ಪದೇ ಇರುವುದನ್ನು ಒಂದು ಮಿತಿಯವರೆಗೆ ಇರಗೊಡುವುದು. ಮಿತಿಯನ್ನು ಗುರುತಿಸುವವರು ಯಾರು? ಪ್ರಶ್ನೆ ಇರುವುದೇ ಇಲ್ಲಿ.

‘ಶಾಶ್ವತ’ವಾದ ಒಂದು ಆಜ್ಞೆ

ಈ ಪದ ರಾಜಕೀಯದ ಪದವಾದದ್ದು ಯೂರೋಪಿನಲ್ಲಿ. 1517ರಲ್ಲಿ ಮಾರ್ಟಿನ್ ಲೂಥರ್ ಆರಂಭಿಸಿದ ಸುಧಾರಣಾ ಚಳವಳಿ ಪಶ್ಚಿಮದ ಕ್ರೈಸ್ತಲೋಕವನ್ನು ಒಡೆಯಿತು. 1555ರ ಆಗ್ಸ್‌ಬರ್ಗ್ ಒಪ್ಪಂದ ಜರ್ಮನ್ ಸಂಸ್ಥಾನಗಳಲ್ಲಿ ಅರಸನ ಮತವೇ ನಾಡಿನ ಮತ ಎಂದು ತೀರ್ಮಾನಿಸಿತು. ಕ್ಯಾಥೊಲಿಕ್, ಲೂಥರನ್ ಎಂಬ ಎರಡೇ ಆಯ್ಕೆ. ಒಪ್ಪದ ಪ್ರಜೆ ಮನೆಮಠ ಮಾರಿ ಬೇರೆ ಸಂಸ್ಥಾನಕ್ಕೆ ಹೋಗಬಹುದು ಎಂಬುದೇ ಅಂದಿನ ದೊಡ್ಡ ಔದಾರ್ಯ.

ಫ್ರಾನ್ಸಿನಲ್ಲಿ ಆ ಔದಾರ್ಯವೂ ಇರಲಿಲ್ಲ. 1562ರಿಂದ ಮೂರೂವರೆ ದಶಕಗಳ ಕಾಲ ಕ್ಯಾಥೊಲಿಕರೂ ಹ್ಯೂಗೆನಾಟ್ ಎಂದು ಕರೆಯಲಾಗುತ್ತಿದ್ದ ಪ್ರೊಟೆಸ್ಟೆಂಟರೂ ಬಡಿದಾಡಿದರು. 1572ರ ಆಗಸ್ಟಿನಲ್ಲಿ ಸಂತ ಬಾರ್ತಲೋಮ್ಯೂ ಹಬ್ಬದ ದಿನ ಪ್ಯಾರಿಸ್‌ನಲ್ಲಿ ಆರಂಭವಾದ ಹತ್ಯಾಕಾಂಡ ಊರೂರಿಗೆ ಹಬ್ಬಿ ಸಾವಿರಾರು ಹ್ಯೂಗೆನಾಟರನ್ನು ಬಲಿ ತೆಗೆದುಕೊಂಡಿತು. ಇದಕ್ಕೆ ತೆರೆ ಎಳೆದವನು ನಾಲ್ಕನೇ ಹೆನ್ರಿ. ಸ್ವತಃ ಪ್ರೊಟೆಸ್ಟೆಂಟನಾಗಿದ್ದು ಸಿಂಹಾಸನಕ್ಕಾಗಿ ಕ್ಯಾಥೊಲಿಕನಾದ ಈ ದೊರೆ 1598ರಲ್ಲಿ ನಾಂಟ್ ನಗರದಲ್ಲಿ ಒಂದು ರಾಜಾಜ್ಞೆ ಹೊರಡಿಸಿದ.

ಅದರ ಪ್ರಕಾರ ಹ್ಯೂಗೆನಾಟರಿಗೆ ಮನಸ್ಸಾಕ್ಷಿಯ ಸ್ವಾತಂತ್ರ್ಯ ದೊರೆಯಿತು. ಸರ್ಕಾರಿ ಹುದ್ದೆಗಳು ತೆರೆದವು. ಗೊತ್ತುಪಡಿಸಿದ ಸ್ಥಳಗಳಲ್ಲಿ ಬಹಿರಂಗವಾಗಿ ಪ್ರಾರ್ಥನೆ ನಡೆಸಬಹುದಾಗಿತ್ತು. ಪ್ಯಾರಿಸ್ ನಗರದಲ್ಲಿ ಮಾತ್ರ ಕೂಡದು. ಕ್ಯಾಥೊಲಿಕ್ ಚರ್ಚಿಗೆ ಅವರು ದಶಮಾಂಶ ಕಂದಾಯ ಕೊಡಬೇಕು, ಅದರ ಹಬ್ಬದ ದಿನಗಳಲ್ಲಿ ಅಂಗಡಿ ಮುಚ್ಚಬೇಕು. ಆ ಕಾಲಕ್ಕೆ ಇದು ಅಸಾಮಾನ್ಯ ಹೆಜ್ಜೆ ಎಂಬುದರಲ್ಲಿ ಅನುಮಾನವಿಲ್ಲ. ಸಾವಿರಾರು ಮನೆಗಳಲ್ಲಿ ಜನ ನೆಮ್ಮದಿಯಿಂದ ನಿದ್ದೆ ಮಾಡಿದ್ದು ಈ ಆಜ್ಞೆಯಿಂದಲೇ. ಇದು ಶಾಶ್ವತವಾದದ್ದು, ಯಾರೂ ರದ್ದುಗೊಳಿಸಲಾಗದ್ದು ಎಂದು ಆಜ್ಞೆಯಲ್ಲೇ ಬರೆಯಲಾಗಿತ್ತು.

ಆ ಶಾಶ್ವತಕ್ಕೆ ಸಿಕ್ಕ ಆಯುಷ್ಯ 87 ವರ್ಷ. 1685ರ ಅಕ್ಟೋಬರಿನಲ್ಲಿ ಹೆನ್ರಿಯ ಮೊಮ್ಮಗ ಹದಿನಾಲ್ಕನೇ ಲೂಯಿ ಅದನ್ನು ರದ್ದುಮಾಡಿದ. ಹ್ಯೂಗೆನಾಟರ ಪ್ರಾರ್ಥನಾ ಮಂದಿರಗಳನ್ನು ಕೆಡವಲು ಆದೇಶವಾಯಿತು. ಪಾದ್ರಿಗಳಿಗೆ ದೇಶ ಬಿಡಲು ಎರಡು ವಾರಗಳ ಗಡುವು. ಉಳಿದವರು ದೇಶ ಬಿಡುವುದೇ ಅಪರಾಧ. ತಪ್ಪಿಸಿಕೊಳ್ಳುವಾಗ ಸಿಕ್ಕಿಬಿದ್ದ ಗಂಡಸರನ್ನು ಹಡಗಿನ ಹುಟ್ಟುಹಾಕುವ ಜೀತಕ್ಕೆ ಕಳಿಸಲಾಯಿತು. ಹಾಗಿದ್ದೂ ಸುಮಾರು ಎರಡು ಲಕ್ಷ ಜನ ಹಾಲೆಂಡ್, ಇಂಗ್ಲೆಂಡ್, ಪ್ರಷ್ಯಾ ಮುಂತಾದ ಕಡೆಗೆ ಪಾರಾದರೆಂದು ಇತಿಹಾಸಕಾರರ ಅಂದಾಜು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಆ 87 ವರ್ಷಗಳಲ್ಲಿ ಹ್ಯೂಗೆನಾಟರು ಅನುಭವಿಸಿದ್ದು ತಮ್ಮದಾದ ಹಕ್ಕನ್ನಲ್ಲ, ಅರಸನ ಅನುಮತಿಯನ್ನು. ಅಜ್ಜ ಕೊಟ್ಟದ್ದನ್ನು ಮೊಮ್ಮಗ ಕಿತ್ತುಕೊಂಡ. ಕೊಟ್ಟವರ ಕೈಯಲ್ಲೇ ಕಿತ್ತುಕೊಳ್ಳುವ ಅಧಿಕಾರವೂ ಇರುತ್ತದೆ ಎಂಬ ಪಾಠವನ್ನು ಯೂರೋಪು ಮರೆಯಲಿಲ್ಲ.

ಶಿಕ್ಷೆಯಿಂದ ವಿನಾಯಿತಿ

ಈ ರದ್ದತಿಯ ಸುದ್ದಿ ಬಿಸಿಯಾಗಿರುವಾಗಲೇ ಇಂಗ್ಲೆಂಡಿನಿಂದ ತಲೆಮರೆಸಿಕೊಂಡು ಹಾಲೆಂಡಿನಲ್ಲಿದ್ದ ಜಾನ್ ಲಾಕ್ ಲ್ಯಾಟಿನ್ನಿನಲ್ಲಿ ಒಂದು ದೀರ್ಘ ಪತ್ರ ಬರೆದ. ಸಹಿಷ್ಣುತೆಯನ್ನು ಕುರಿತ ಆ ಪತ್ರ 1689ರಲ್ಲಿ ಲೇಖಕನ ಹೆಸರಿಲ್ಲದೆ ಪ್ರಕಟವಾಯಿತು. ಲಾಕನ ವಾದ ಸರಳವಾದದ್ದು. ಸರ್ಕಾರದ ಆಯುಧ ಬಲಪ್ರಯೋಗ. ನಂಬಿಕೆ ಹುಟ್ಟುವುದು ಮನಸ್ಸಿಗೆ ಒಪ್ಪಿಗೆಯಾದಾಗ. ಕತ್ತಿ ತೋರಿಸಿ ಬಾಯಲ್ಲಿ ಮಂತ್ರ ಹೇಳಿಸಬಹುದೇ ಹೊರತು ಒಳಗೆ ನಂಬಿಕೆ ಹುಟ್ಟಿಸಲಾಗದು. ಆದ್ದರಿಂದ ಆತ್ಮೋದ್ಧಾರ ಸರ್ಕಾರದ ಕೆಲಸವಲ್ಲ. ಯಹೂದಿ, ಮುಸ್ಲಿಂ, ವಿಗ್ರಹಾರಾಧಕ ಯಾರನ್ನೂ ಮತದ ಕಾರಣಕ್ಕೆ ನಾಗರಿಕ ಹಕ್ಕುಗಳಿಂದ ದೂರ ಇಡಬಾರದು ಎನ್ನುವಷ್ಟು ದೂರ ಅವನು ಹೋದ. ಆದರೆ ಅವನ ಪಟ್ಟಿಗೂ ಗಡಿಯಿತ್ತು. ದೇವರನ್ನು ನಂಬದವನ ಆಣೆಗೆ ಬೆಲೆಯಿಲ್ಲವೆಂದು ನಾಸ್ತಿಕರನ್ನು ಹೊರಗಿಟ್ಟ. ಪರದೇಶದ ಪ್ರಭುವಿಗೆ ನಿಷ್ಠರಾಗಬೇಕಾದ ಮತದವರನ್ನೂ ಹೊರಗಿಟ್ಟ. ಕ್ಯಾಥೊಲಿಕರನ್ನು ಕುರಿತೇ ಈ ಮಾತು ಎಂದು ಅಂದಿನ ಓದುಗರಿಗೆ ತಿಳಿಯದೇ ಇರಲಿಲ್ಲ.

ಅದೇ 1689ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಅಂಗೀಕರಿಸಿದ ಕಾಯಿದೆ ಇತಿಹಾಸದ ಪುಸ್ತಕಗಳಲ್ಲಿ ‘ಟಾಲರೇಶನ್ ಆಕ್ಟ್’ ಎಂದೇ ಪ್ರಸಿದ್ಧ. ಆದರೆ ಅದರ ಮೂಲ ಶೀರ್ಷಿಕೆಯಲ್ಲಿ ಆ ಪದವೇ ಇಲ್ಲ. ಇಂಗ್ಲೆಂಡಿನ ಅಧಿಕೃತ ಚರ್ಚನ್ನು ಒಪ್ಪದ ಪ್ರೊಟೆಸ್ಟೆಂಟ್ ಪ್ರಜೆಗಳನ್ನು ಕೆಲವು ಕಾನೂನುಗಳ ದಂಡನೆಯಿಂದ ಬಿಡುವ ಕಾಯಿದೆ ಎಂಬುದು ಅದರ ನಿಜವಾದ ಹೆಸರಿನ ತಾತ್ಪರ್ಯ. ಹಳೆಯ ಕಾನೂನು ರದ್ದಾಗಲಿಲ್ಲ. ಶಿಕ್ಷೆಯಿಂದ ವಿನಾಯಿತಿ ಸಿಕ್ಕಿತು, ಅಷ್ಟೆ. ಕ್ಯಾಥೊಲಿಕರಿಗೆ ಅದೂ ಸಿಗಲಿಲ್ಲ. ಅವರು ಪಾರ್ಲಿಮೆಂಟು ಪ್ರವೇಶಿಸಲು 1829ರವರೆಗೆ ಕಾಯಬೇಕಾಯಿತು. ಬಹಿರಂಗ ನಾಸ್ತಿಕನಾಗಿದ್ದ ಚಾರ್ಲ್ಸ್ ಬ್ರಾಡ್ಲಾ 1880ರಲ್ಲಿ ಚುನಾಯಿತನಾದರೂ ತನ್ನ ಸ್ಥಾನದಲ್ಲಿ ಅಡ್ಡಿಯಿಲ್ಲದೆ ಕೂರಲು ಸಾಧ್ಯವಾದದ್ದು 1886ರಲ್ಲಿ. ಭಾರತದ ಪರವಾಗಿ ಪಾರ್ಲಿಮೆಂಟಿನಲ್ಲಿ ದನಿ ಎತ್ತಿ, 1889ರ ಮುಂಬಯಿ ಕಾಂಗ್ರೆಸ್ ಅಧಿವೇಶನಕ್ಕೆ ಬಂದಿದ್ದವನು ಇದೇ ಬ್ರಾಡ್ಲಾ.

ಗಂಟೆಯಿಲ್ಲದ ಚರ್ಚು

ಫ್ರಾನ್ಸಿನಲ್ಲಿ ನಾಂಟ್ ಆಜ್ಞೆ ಹೋದ ಮೇಲೆ ಏನಾಯಿತು ಎಂಬುದಕ್ಕೆ ತೂಲೂಸ್ ನಗರದ ಬಟ್ಟೆ ವ್ಯಾಪಾರಿ ಝಾನ್ ಕಲಾಸ್‌ನ ಕಥೆ ಸಾಕು. ಅವನು ಪ್ರೊಟೆಸ್ಟೆಂಟ್. 1761ರ ಅಕ್ಟೋಬರ್‌ನ ಒಂದು ರಾತ್ರಿ ಅವನ ಹಿರಿಯ ಮಗ ಮನೆಯಲ್ಲೇ ಹೆಣವಾಗಿ ಸಿಕ್ಕಿದ. ಮಗ ಕ್ಯಾಥೊಲಿಕನಾಗಲು ಹೊರಟಿದ್ದ, ಅದಕ್ಕೇ ತಂದೆ ಕೊಂದ ಎಂಬ ಗುಲ್ಲು ಬೀದಿಯಲ್ಲಿ ಹುಟ್ಟಿತು. ನ್ಯಾಯಾಲಯವೂ ಅದನ್ನೇ ನಂಬಿತು. 1762ರ ಮಾರ್ಚ್ 10ರಂದು ಆ ಮುದುಕನನ್ನು ಚಕ್ರಕ್ಕೆ ಕಟ್ಟಿ ಎಲುಬು ಮುರಿದು ಕೊಲ್ಲಲಾಯಿತು. ಕೊನೆಯವರೆಗೂ ಅವನು ತಾನು ನಿರಪರಾಧಿ ಎನ್ನುತ್ತಲೇ ಇದ್ದ. ವೋಲ್ಟೇರ್ ಈ ಪ್ರಕರಣವನ್ನು ಕೈಗೆತ್ತಿಕೊಂಡು 1763ರಲ್ಲಿ ಸಹಿಷ್ಣುತೆಯ ಮೇಲೆ ಒಂದು ಗ್ರಂಥವನ್ನೇ ಬರೆದ. 1765ರಲ್ಲಿ ಕಲಾಸ್ ನಿರ್ದೋಷಿ ಎಂದು ಘೋಷಣೆಯಾಯಿತು. ಸತ್ತವನು ಮರಳಿ ಬರಲಿಲ್ಲ, ಆದರೆ ಸಹಿಷ್ಣುತೆ ಯೂರೋಪಿನ ವಿಚಾರವಂತರ ಮಂತ್ರವಾಯಿತು.

ಅರಸರೂ ಆ ಮಂತ್ರವನ್ನು ಕಲಿತರು. ಆಸ್ಟ್ರಿಯಾದ ಎರಡನೇ ಜೋಸೆಫ್ ಚಕ್ರವರ್ತಿ 1781ರಲ್ಲಿ ಸಹಿಷ್ಣುತೆಯ ಸನದನ್ನೇ ಹೊರಡಿಸಿ ಲೂಥರನ್, ಕ್ಯಾಲ್ವಿನಿಸ್ಟ್ ಮತ್ತು ಪೂರ್ವದ ಆರ್ಥೊಡಾಕ್ಸ್ ಪಂಥದವರಿಗೆ ಪ್ರಾರ್ಥನಾಗೃಹ ಕಟ್ಟಿಕೊಳ್ಳಲು ಅವಕಾಶ ಕೊಟ್ಟ. ಷರತ್ತುಗಳು ಇಷ್ಟು: ಕಟ್ಟಡಕ್ಕೆ ಗೋಪುರ ಇರಕೂಡದು, ಗಂಟೆ ಇರಕೂಡದು, ಬೀದಿಯ ಕಡೆಗೆ ಬಾಗಿಲು ಇರಕೂಡದು. ನೀವು ಇರಬಹುದು, ಆದರೆ ಕಾಣಬಾರದು, ಕೇಳಿಸಬಾರದು. ಸಹಿಷ್ಣುತೆಯ ಒಳಗಿನ ಅರ್ಥವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ದಾಖಲೆ ಸಿಗುವುದು ಕಷ್ಟ.

ಪದವನ್ನೇ ಹೊಡೆದುಹಾಕಿದವರು

ಇಂಥ ಸಹಿಷ್ಣುತೆಯ ರುಚಿ ನೋಡಿದವರೇ ಆ ಪದವನ್ನು ಮೊದಲು ತಿರಸ್ಕರಿಸಿದ್ದು ಆಶ್ಚರ್ಯವಲ್ಲ. 1776ರಲ್ಲಿ ಅಮೆರಿಕದ ವರ್ಜೀನಿಯಾ ತನ್ನ ಹಕ್ಕುಗಳ ಘೋಷಣೆ ಸಿದ್ಧಪಡಿಸುತ್ತಿತ್ತು. ಜಾರ್ಜ್ ಮೇಸನ್ ಬರೆದ ಕರಡಿನಲ್ಲಿ ಮತಾಚರಣೆಗೆ ಸಂಪೂರ್ಣ ಸಹಿಷ್ಣುತೆ ಇರಬೇಕೆಂಬ ಮಾತಿತ್ತು. 25 ವರ್ಷದ ಜೇಮ್ಸ್ ಮ್ಯಾಡಿಸನ್‌ಗೆ ಅದು ಸರಿಕಾಣಲಿಲ್ಲ. ಅವನ ಒತ್ತಾಯದಿಂದ ಆ ಪದ ಹೋಗಿ, ಮನಸ್ಸಾಕ್ಷಿಯಂತೆ ಮತವನ್ನು ಆಚರಿಸಲು ಎಲ್ಲರೂ ಸಮಾನವಾಗಿ ಅರ್ಹರು ಎಂಬ ಮಾತು ಬಂತು. ಒಂದು ಪದದ ತಿದ್ದುಪಡಿ. ಆದರೆ ಕೊಡುವವನು ಮಾಯವಾದ, ಹಕ್ಕುಳ್ಳವನು ಉಳಿದ.

ಹದಿಮೂರು ವರ್ಷಗಳ ನಂತರ, 1789ರ ಆಗಸ್ಟಿನಲ್ಲಿ ಪ್ಯಾರಿಸ್‌ನ ರಾಷ್ಟ್ರೀಯ ಸಭೆಯಲ್ಲಿ ಇದೇ ಚರ್ಚೆ ಎದ್ದಿತು. ಸಹಿಷ್ಣುತೆ ಎಂಬ ಪದವೇ ತನಗೆ ದಬ್ಬಾಳಿಕೆಯಂತೆ ಕೇಳಿಸುತ್ತದೆ, ಏಕೆಂದರೆ ಸಹಿಸುವ ಅಧಿಕಾರ ಇರುವವನಿಗೆ ಸಹಿಸದಿರುವ ಅಧಿಕಾರವೂ ಇರುತ್ತದೆ ಎಂದು ಮಿರಾಬೊ ವಾದಿಸಿದ. ನಂತರ ಮಾತಾಡಿದ ರಬೊ ಸೇಂಟ್ ಎಟಿಯೆನ್‌ಗೆ ಇದು ಪುಸ್ತಕದ ವಿಷಯವಾಗಿರಲಿಲ್ಲ. ಅವನು ಪ್ರೊಟೆಸ್ಟೆಂಟ್ ಪಾದ್ರಿ. ಅವನ ತಂದೆಯೂ ಪಾದ್ರಿ. ಪ್ರಾರ್ಥನೆ ಕಾನೂನುಬಾಹಿರವಾಗಿದ್ದ ಕಾಲದಲ್ಲಿ ನಿರ್ಜನ ಪ್ರದೇಶಗಳಲ್ಲಿ ಕದ್ದುಮುಚ್ಚಿ ಪ್ರಾರ್ಥನೆ ನಡೆಸುತ್ತಿದ್ದವನು. ಎರಡು ವರ್ಷಗಳ ಹಿಂದೆ, 1787ರಲ್ಲಿ, ಅರಸು ಪ್ರೊಟೆಸ್ಟೆಂಟರ ಹುಟ್ಟು, ಮದುವೆ, ಸಾವುಗಳನ್ನು ದಾಖಲಿಸಲು ಒಪ್ಪಿದ್ದ. ಅಷ್ಟು ಸಾಲದು, ತನಗೆ ಬೇಕಾದದ್ದು ಸಹಿಷ್ಣುತೆಯಲ್ಲ, ಸ್ವಾತಂತ್ರ್ಯ ಎಂದು ರಬೊ ಕೇಳಿದ. ಸಹಿಷ್ಣುತೆ ಎಂದರೆ ಕ್ಷಮೆ. ತಪ್ಪು ಮಾಡದವರಿಗೆ ಕ್ಷಮೆ ಏಕೆ ಎಂಬುದು ಅವನ ವಾದದ ಸಾರ. 1791ರಲ್ಲಿ ಥಾಮಸ್ ಪೇನ್ ಇನ್ನೂ ಕಟುವಾಗಿ ಬರೆದ. ಅವನ ದೃಷ್ಟಿಯಲ್ಲಿ ಸಹಿಷ್ಣುತೆ ಅಸಹಿಷ್ಣುತೆಯ ವಿರುದ್ಧ ಪದವಲ್ಲ, ಅದರ ನಕಲು. ಒಂದು ಮನಸ್ಸಾಕ್ಷಿಯನ್ನು ತಡೆಯುವ ಹಕ್ಕು ತನಗಿದೆ ಎನ್ನುತ್ತದೆ, ಇನ್ನೊಂದು ಅದನ್ನು ಅನುಗ್ರಹಿಸುವ ಹಕ್ಕು ತನಗಿದೆ ಎನ್ನುತ್ತದೆ.

ಗಾಂಧೀಜಿಯ ಆಕ್ಷೇಪಕ್ಕೆ ಇವರೆಲ್ಲ ಹಿರಿಯರು. ನಮ್ಮವರಲ್ಲಿ ವಿವೇಕಾನಂದರೂ ಇದೇ ಮಾತನ್ನು ಹೇಳಿದ್ದಾರೆ. 1893ರ ಚಿಕಾಗೊ ಸಭೆಯಲ್ಲಿ ಸಹಿಷ್ಣುತೆಯ ಜೊತೆಗೆ ಸಾರ್ವತ್ರಿಕ ಸ್ವೀಕಾರವನ್ನೂ ಹೆಸರಿಸಿದ್ದ ಅವರು, 1900ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಉಪನ್ಯಾಸವೊಂದರಲ್ಲಿ ಸಹಿಷ್ಣುತೆ ತಮಗೆ ಸಾಲದು ಎಂದರು. ನೀನು ತಪ್ಪು, ಆದರೂ ಬದುಕಲು ಬಿಟ್ಟಿದ್ದೇನೆ ಎಂಬ ಧೋರಣೆ ಅದರಲ್ಲಿದೆ ಎಂಬುದು ಅವರ ಕಾರಣ.

ಸನ್ನತಿಯ ಕಲ್ಲು, ಬೆಳಗೊಳದ ಕಲ್ಲು

ಈ ಪದ ಬರುವ ಮುನ್ನ ನಮ್ಮಲ್ಲಿ ಏನಿತ್ತು? ಉತ್ತರ ಹೇಳುವ ಎರಡು ಕಲ್ಲುಗಳು ಕರ್ನಾಟಕದಲ್ಲೇ ಇವೆ.

ಮೊದಲನೆಯದು ಕಲಬುರಗಿ ಜಿಲ್ಲೆಯ ಸನ್ನತಿಯದು. 1980ರ ದಶಕದ ಕೊನೆಯಲ್ಲಿ ಅಲ್ಲಿನ ಕಾಳಿ ಗುಡಿಯಲ್ಲಿ ವಿಗ್ರಹದ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಬರಹ ಬೆಳಕಿಗೆ ಬಂತು. ಅದರಲ್ಲಿ ಅವನ ಹನ್ನೆರಡನೇ ಬಂಡೆಶಾಸನವೂ ಸೇರಿದೆ. ಕ್ರಿ.ಪೂ. 3ನೇ ಶತಮಾನದ ಈ ಶಾಸನದ ವಿಷಯವೇ ಬೇರೆ ಬೇರೆ ಪಂಥಗಳು ಒಟ್ಟಿಗೆ ಬಾಳುವ ಬಗೆ. ಅಲ್ಲಿ ಅಶೋಕ ಬೇರೆಯವರನ್ನು ಸಹಿಸಿ ಎಂದಷ್ಟೇ ಹೇಳುವುದಿಲ್ಲ. ಮಾತಿನ ಮೇಲೆ ಹಿಡಿತವಿರಲಿ ಎನ್ನುತ್ತಾನೆ. ಸಂದರ್ಭವಿಲ್ಲದೆ ತನ್ನ ಪಂಥವನ್ನು ಹೊಗಳಬಾರದು, ಬೇರೆಯವರದನ್ನು ತೆಗಳಬಾರದು. ಹಾಗೆ ಮಾಡುವವನು ತನ್ನ ಪಂಥಕ್ಕೇ ಹಾನಿ ಮಾಡುತ್ತಾನೆ. ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಿಸಿಕೊಳ್ಳಬೇಕು. ಗಿರ್ನಾರಿನ ಪಾಠದಲ್ಲಿ ಅವನು ಬಳಸಿದ ಪದ ‘ಸಮವಾಯ’, ಅಂದರೆ ಕೂಡಿಬರುವುದು.

ಎರಡನೆಯದು ಶ್ರವಣಬೆಳಗೊಳದ ಭಂಡಾರಿ ಬಸದಿಯ ಶಾಸನ. ಕಾಲ 1368, ವಿಜಯನಗರದ ಒಂದನೇ ಬುಕ್ಕರಾಯನ ಆಳ್ವಿಕೆ. ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾಗಿತ್ತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಊರುಗಳ ಜೈನರು ತಮಗೆ ಅನ್ಯಾಯವಾಗಿದೆ ಎಂದು ಅರಸನಲ್ಲಿ ಮೊರೆಯಿಟ್ಟರು. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರೂ ಹದಿನೆಂಟು ನಾಡಿನ ಶ್ರೀವೈಷ್ಣವರೂ ಸೇರಿದರು. ದಲಿತ ಸಮುದಾಯಗಳೆಂದು ವಿದ್ವಾಂಸರು ಗುರುತಿಸುವ ತಿರುಕುಲ, ಜಾಂಬವಕುಲಗಳ ಹೆಸರೂ ಆ ಪಟ್ಟಿಯಲ್ಲಿದೆ. ಬುಕ್ಕರಾಯ ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿ ಇಟ್ಟ.

ಅವನ ತೀರ್ಮಾನ ಹೀಗಿತ್ತು: ಎರಡು ದರ್ಶನಗಳ ನಡುವೆ ಭೇದವಿಲ್ಲ. ಪಂಚಮಹಾವಾದ್ಯ, ಕಳಶಗಳ ಮರ್ಯಾದೆ ಜೈನರಿಗೆ ಹಿಂದಿನಂತೆಯೇ ಸಲ್ಲಬೇಕು. ಜೈನದರ್ಶನಕ್ಕೆ ಹಾನಿಯಾದರೆ ಅದನ್ನು ವೈಷ್ಣವರು ತಮ್ಮ ಹಾನಿಯೆಂದೇ ಭಾವಿಸಬೇಕು, ವೃದ್ಧಿಯಾದರೆ ತಮ್ಮ ವೃದ್ಧಿಯೆಂದೇ ತಿಳಿಯಬೇಕು. ಈ ಶಾಸನವನ್ನು ರಾಜ್ಯದ ಬಸದಿಗಳಲ್ಲಿ ವೈಷ್ಣವರೇ ನಡೆಸಬೇಕು. ನಾಡಿನ ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ತಿರುಮಲೆಯ ತಾತಯ್ಯ ಎತ್ತಿ, ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಬೇಕು. ಉಳಿದ ಹಣದಲ್ಲಿ ಹಾಳಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಮುಂದೆ ಕಲ್ಲೆಹದ ಬಸವಿಸೆಟ್ಟಿ ಮುತುವರ್ಜಿ ವಹಿಸಿ ಇದನ್ನು ಜೀರ್ಣೋದ್ಧಾರ ಮಾಡಿಸಿದಾಗ ಎರಡು ಕಡೆಯವರೂ ಸೇರಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರು. ಮಾಗಡಿ ತಾಲ್ಲೂಕಿನ ಕಲ್ಯದಲ್ಲೂ, ಅಂದರೆ ಅಂದಿನ ಕಲ್ಲೆಹದಲ್ಲೂ, ಈ ಶಾಸನದ ಪ್ರತಿಯಿದೆ.

ಇದನ್ನು ಓದಿ ನಮ್ಮವರು ಎಂದೂ ಸಹಿಷ್ಣುಗಳೇ ಎಂದು ಬೆನ್ನು ತಟ್ಟಿಕೊಳ್ಳುವುದು ಸುಲಭ. ಆದರೆ ಅನ್ಯಾಯ ನಡೆದಿರದಿದ್ದರೆ ಈ ಶಾಸನವೇ ಹುಟ್ಟುತ್ತಿರಲಿಲ್ಲ. ಕಾವಲಿನ ಖರ್ಚನ್ನು ಹೊತ್ತವರು ಕಾವಲು ಬೇಕಾದವರೇ. ಇದೂ ಅರಸನೊಬ್ಬನ ಆಜ್ಞೆಯೇ, ಅವನ ನಂತರದವರು ಮನಸ್ಸು ಬದಲಿಸಬಹುದಿತ್ತು. ಅಷ್ಟಾಗಿಯೂ ಜೋಸೆಫ್ ಚಕ್ರವರ್ತಿಯ ಸನದಿನ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಅಲ್ಲಿ ಗಂಟೆ ಬಾರಿಸದೆ ಇರುವುದಾದರೆ ಇರಿ ಎಂದರು. ಇಲ್ಲಿ ವಾದ್ಯದ ಮರ್ಯಾದೆಯೇ ತೀರ್ಮಾನದ ಮೊದಲ ಅಂಶ. ಜೊತೆಗೆ ಬಲಿಷ್ಠರಿಗೆ ಹೇಳಿದ್ದು ಸಹಿಸಿಕೊಳ್ಳಿ ಎಂದಲ್ಲ, ಅವರ ನಷ್ಟವನ್ನು ನಿಮ್ಮ ಲೆಕ್ಕಕ್ಕೆ ಬರೆದುಕೊಳ್ಳಿ ಎಂದು.

ನೀರು ಮುಟ್ಟಗೊಡದ ಸಹನೆ

ನಮ್ಮ ಸಹಿಷ್ಣುತೆಯ ಇನ್ನೊಂದು ಮುಖವನ್ನೂ ಹೇಳದಿದ್ದರೆ ಈ ಕಥೆ ಅರ್ಧವಾಗುತ್ತದೆ. ಆಸ್ತಿಕ, ನಾಸ್ತಿಕ, ದ್ವೈತ, ಅದ್ವೈತ ಎಲ್ಲ ವಾದಗಳಿಗೂ ಅಂಗಳ ಬಿಟ್ಟುಕೊಟ್ಟ ಸಮಾಜವೇ ಒಂದು ಬಿಂದಿಗೆ ನೀರಿನ ವಿಷಯದಲ್ಲಿ ಕಲ್ಲಾಯಿತು. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯ ನೀರನ್ನು ಡಾ. ಅಂಬೇಡ್ಕರ್ ಮತ್ತು ಅವರ ಸಂಗಡಿಗರು ಮುಟ್ಟಿ ಕುಡಿದಾಗ ಅವರ ಮೇಲೆ ಹಲ್ಲೆಯಾಯಿತು. ಆಮೇಲೆ ಕೆರೆಯನ್ನು ಶುದ್ಧಿ ಮಾಡಲಾಯಿತು. ವಿಚಾರವನ್ನು ಸಹಿಸುತ್ತಿದ್ದವರು ಮನುಷ್ಯನನ್ನು ಸಹಿಸಲಿಲ್ಲ. ಇಂಥ ಕಡೆ ಸಹಿಷ್ಣುತೆಯನ್ನು ಬೇಡುವುದರಿಂದ ಪ್ರಯೋಜನವಿಲ್ಲವೆಂದು ಅಂಬೇಡ್ಕರ್ ಅರಿತಿದ್ದರು. ಸಾರ್ವಜನಿಕ ಕೆರೆಯ ನೀರು ಕೃಪೆಯಲ್ಲ, ಹಕ್ಕು ಎಂಬುದೇ ಅವರ ಹೋರಾಟದ ಆಧಾರ.

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದಲ್ಲಿ ಈ ಅರಿವು ಕಾಣುತ್ತದೆ. 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 25ನೇ ವಿಧಿ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಮತ್ತು ಇತರ ಮೂಲಭೂತ ಹಕ್ಕುಗಳಿಗೆ ಒಳಪಟ್ಟು ಎಲ್ಲರಿಗೂ ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನು ಸಮಾನವಾಗಿ ಕೊಟ್ಟಿತು. ಆ ವಿಧಿಯಲ್ಲಿ ಸಹಿಷ್ಣುತೆ ಎಂಬ ಪದ ಇಲ್ಲ. ಯಾರು ಯಾರನ್ನು ಸಹಿಸಬೇಕು ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ, ಏಕೆಂದರೆ ಆ ಮನೆಗೆ ಯಜಮಾನನೂ ಇಲ್ಲ, ಅತಿಥಿಯೂ ಇಲ್ಲ.

ಹಕ್ಕು ಮತ್ತು ಸಹನೆ

ಹಾಗಾದರೆ ಸಹಿಷ್ಣುತೆಯನ್ನು ನಿಘಂಟಿಗೆ ಕಳಿಸಿಬಿಡಬಹುದೇ? ಒಂದು ಮೊಕದ್ದಮೆ ಬೇರೆ ಉತ್ತರ ಹೇಳುತ್ತದೆ. 1985ರಲ್ಲಿ ಕೇರಳದ ಶಾಲೆಯೊಂದರಿಂದ ಮೂವರು ಮಕ್ಕಳನ್ನು ಹೊರಹಾಕಲಾಯಿತು. ಅವರು ಯೆಹೋವನ ಸಾಕ್ಷಿಗಳು ಎಂಬ ಪಂಥದವರು. ಬೆಳಗಿನ ಪ್ರಾರ್ಥನೆಯಲ್ಲಿ ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ತಮ್ಮ ನಂಬಿಕೆಯ ಕಾರಣಕ್ಕೆ ಹಾಡುತ್ತಿರಲಿಲ್ಲ. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಮಕ್ಕಳ ಪರವಾಗಿ ತೀರ್ಪು ಕೊಟ್ಟಿತು. ತೀರ್ಪು ನಿಂತದ್ದು ಹಕ್ಕುಗಳ ಮೇಲೆ: ಅಭಿವ್ಯಕ್ತಿ ಸ್ವಾತಂತ್ರ್ಯದ 19ನೇ ವಿಧಿ ಮತ್ತು ಧಾರ್ಮಿಕ ಸ್ವಾತಂತ್ರ್ಯದ 25ನೇ ವಿಧಿ. ಎಲ್ಲ ಮುಗಿದ ಮೇಲೆ, ಕೊನೆಯಲ್ಲಿ, ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ನಮ್ಮ ಪರಂಪರೆ ಮತ್ತು ಸಂವಿಧಾನಗಳ ಸಹಿಷ್ಣುತೆಯನ್ನು ನೆನಪಿಸಿ, ಅದನ್ನು ತೆಳುಗೊಳಿಸಬೇಡಿ ಎಂದು ಕೇಳಿಕೊಂಡರು.

ಈ ಕ್ರಮವನ್ನು ಗಮನಿಸಬೇಕು. ಮೊದಲು ಹಕ್ಕು, ನಂತರ ಸಹನೆ. ಮಕ್ಕಳು ಶಾಲೆಗೆ ಮರಳಲು ಬೇಕಾದದ್ದು ಹಕ್ಕು. ಆದರೆ ಮರಳಿದ ಮೇಲೆ ಪಕ್ಕದ ಬೆಂಚಿನ 40 ಮಕ್ಕಳ ನಡುವೆ ದಿನ ಕಳೆಯಬೇಕಲ್ಲ? ಅಲ್ಲಿಗೆ ಕೋರ್ಟು ಬರುವುದಿಲ್ಲ. ಅಲ್ಲಿ ಕೆಲಸ ಮಾಡುವುದು ನೆರೆಹೊರೆಯ ಸಹನೆ ಮಾತ್ರ. ಸರ್ಕಾರ ಪ್ರಜೆಯನ್ನು ಸಹಿಸುತ್ತೇನೆ ಎಂದರೆ ಅದು ಅವಮಾನ. ಬಹುಸಂಖ್ಯೆಯ ಬಲದ ಮೇಲೆ ಒಬ್ಬರು ಇನ್ನೊಬ್ಬರಿಗೆ ಹಾಗೆಂದರೂ ಅವಮಾನವೇ. ಆದರೆ ಸಮಾನರಾದ ಇಬ್ಬರು, ಒಬ್ಬರ ಆಚಾರ ಇನ್ನೊಬ್ಬರಿಗೆ ಹಿಡಿಸದಿದ್ದರೂ, ಪರಸ್ಪರ ತಾಳಿಕೊಂಡರೆ ಅದು ಅವಮಾನವಲ್ಲ, ನಾಗರಿಕತೆ. 1995ರ ನವೆಂಬರ್ 16ರಂದು ಯುನೆಸ್ಕೊ ಹೊರಡಿಸಿದ ಘೋಷಣೆ, ಸಹಿಷ್ಣುತೆ ಎಂದರೆ ರಿಯಾಯಿತಿಯೂ ಅಲ್ಲ, ಕೃಪಾದೃಷ್ಟಿಯೂ ಅಲ್ಲ ಎಂದು ಪ್ರತ್ಯೇಕವಾಗಿ ಹೇಳಬೇಕಾಯಿತು. ಪದಕ್ಕೆ ಅಂಟಿದ್ದ ಹಳೆಯ ಕಲೆಯನ್ನು ತೊಳೆಯುವ ಪ್ರಯತ್ನವದು.

ಯರವಡಾ ಜೈಲಿನಲ್ಲಿ ಗಾಂಧೀಜಿ ಪದಕ್ಕಾಗಿ ತಡಕಾಡಿದ್ದು ಈ ಕಾರಣಕ್ಕೆ. ಅವರು ಆರಿಸಿಕೊಂಡ ಸಮಭಾವ ದೊಡ್ಡ ಆದರ್ಶ, ಎಲ್ಲರಿಗೂ ಎಟುಕುವಂಥದಲ್ಲ. ಅದು ಎಟುಕದ ದಿನಗಳಲ್ಲಿ ಹಕ್ಕು ನಮ್ಮನ್ನು ಕಾಯಬೇಕು, ಸಹನೆ ನಮ್ಮನ್ನು ಕೂಡಿಸಿಡಬೇಕು. ಮುಂದೆ ಶ್ರವಣಬೆಳಗೊಳಕ್ಕೆ ಹೋದವರು ಬೆಟ್ಟ ಇಳಿದ ಮೇಲೆ ಊರೊಳಗಿನ ಭಂಡಾರಿ ಬಸದಿಗೂ ಒಮ್ಮೆ ಹೋಗಿಬರಬೇಕು. ಪಕ್ಕದವರ ನಷ್ಟ ನಮ್ಮ ನಷ್ಟ ಎಂಬ ಲೆಕ್ಕ ಆರೂವರೆ ಶತಮಾನಗಳ ಹಿಂದೆಯೇ ಅಲ್ಲಿ ಕಲ್ಲಿನ ಮೇಲೆ ಬರೆದಿದೆ.